ಎಪ್ಪತ್ತೆಂಟು ಚದರ ಅಡಿ ಹೆಚ್ಚುವರಿ ಜಾಗದ ಕುರಿತು

ವಿಹಾರ ಹಡಗು ಕಂಪನಿಯ ಕ್ಯಾಬಿನ್ ಮೇಲ್ದರ್ಜೆ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಹಡಗೂ, ಹಡಗಿನ ಹನ್ನೊಂದು ಅಂತಸ್ತುಗಳೂ, ಹಗಲಿರುಳು ರೆಪ್ಪೆ ಮುಚ್ಚದೆ ನನಗೆ ಪತ್ರ ಬರೆಯುತ್ತಿರುವ ತಮ್ಮ ಕಂಪ್ಯೂಟರೂ ಕ್ಷೇಮವೆಂದು ಭಾವಿಸುತ್ತೇನೆ. ಕಳೆದ ಆರು ವಾರಗಳಲ್ಲಿ ನನ್ನ ಯೋಗಕ್ಷೇಮವನ್ನು ತಮ್ಮಷ್ಟು ಅಕ್ಕರೆಯಿಂದ ವಿಚಾರಿಸಿದವರು ನನ್ನ ಬಂಧುಬಳಗದಲ್ಲಿ ಒಬ್ಬರೂ ಇಲ್ಲ. ಒಡಹುಟ್ಟಿದ ಅಕ್ಕನೇ ವಾರಕ್ಕೊಮ್ಮೆ ಫೋನು ಮಾಡಿದರೆ ಹೆಚ್ಚು. ತಾವಾದರೋ ದಿನಕ್ಕೆರಡು ಬಾರಿ ತಪ್ಪದೆ 'ನಿಮಗೆ ಇನ್ನೂ ಸ್ವಲ್ಪ ಜಾಗ ಬೇಡವೇ?' ಎಂದು ಕೇಳುತ್ತಿದ್ದೀರಿ. ಈ ಒಂದು ಪ್ರಶ್ನೆಯಿಂದ ನಮ್ಮ ಮನೆಯಲ್ಲಿ ಏನೇನು ನಡೆಯಿತೆಂಬುದನ್ನು ತಮ್ಮ ಗಮನಕ್ಕೆ ತರುವುದು ಗ್ರಾಹಕಳಾಗಿ ನನ್ನ ಕರ್ತವ್ಯವೆಂದು ತಿಳಿದು, ನಾಲ್ಕು ಜನ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ನಮ್ಮ ಪರಿಚಯ. ನಾನು ಸಿದ್ಧ ಉಡುಪುಗಳನ್ನು ತಿದ್ದಿ ಹೊಲಿಯುವವಳು. ಅಂಗಡಿಯಲ್ಲಿ ಕೊಂಡ ಪ್ಯಾಂಟು ಉದ್ದವಾದರೆ ಕಾಲು ಮಡಿಸಿ ಹೊಲಿಯುತ್ತೇನೆ, ಕೋಟು ಬಿಗಿಯಾದರೆ ಬಿಡಿಸುತ್ತೇನೆ. ಬೀದಿಗೆ ತೆರೆಯುವ ಮುಂದಿನ ಕೋಣೆಯೇ ಅಂಗಡಿ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಮಲಗುವ ಕೋಣೆ. ನಮ್ಮ ಯಜಮಾನರು ಲಿಫ್ಟ್ ರಿಪೇರಿ ಮಾಡುವವರು, ಅದೂ ರಾತ್ರಿಯ ತುರ್ತು ಪಾಳಿಯಲ್ಲಿ. ಊರಿನ ಯಾವ ಕಟ್ಟಡದಲ್ಲಿ ಯಾರು ಎರಡು ಅಂತಸ್ತುಗಳ ನಡುವೆ ಸಿಕ್ಕಿಹಾಕಿಕೊಂಡರೂ ಇವರೇ ಹೋಗಿ ಬಿಡಿಸಬೇಕು. ಇವರು ಬೆಳಿಗ್ಗೆ ಬಂದು ಮಲಗುವ ಹೊತ್ತಿಗೆ ನಾನು ಅಂಗಡಿ ತೆರೆಯುತ್ತೇನೆ, ನಾನು ಮಲಗುವ ಹೊತ್ತಿಗೆ ಇವರು ಬೂಟು ಕಟ್ಟುತ್ತಾರೆ. ಹೀಗೆ ಇಪ್ಪತ್ತಾರು ವರ್ಷ ಒಂದೇ ಮಂಚವನ್ನು ಪಾಳಿಯ ಮೇಲೆ ಬಳಸಿದ್ದೇವೆ. ಮಾತೆಲ್ಲ ಅಡುಗೆಮನೆಯ ಗೋಡೆಗೆ ನೇತುಹಾಕಿದ ಒಂದು ನೋಟ್‌ಬುಕ್ಕಿನಲ್ಲಿ: 'ಹಾಲು ಮುಗಿದಿದೆ', 'ನಲ್ಲಿ ಸೋರುತ್ತಿದೆ', 'ನಲ್ಲಿ ಸರಿ ಮಾಡಿದ್ದೇನೆ'. ಜಗಳವಾಡಬೇಕೆಂದರೂ ಬರೆದೇ ಆಡಬೇಕಿದ್ದುದರಿಂದ, ಅಷ್ಟು ಬರೆಯುವ ಪುರುಸೊತ್ತಿಲ್ಲದೆ ನಮ್ಮಲ್ಲಿ ಜಗಳಗಳೂ ಕಡಿಮೆ. ನೋಡಿದವರು ನಮ್ಮದು ಆದರ್ಶ ದಾಂಪತ್ಯ ಎನ್ನುತ್ತಾರೆ.

ಈ ತಿಂಗಳು ಯಜಮಾನರಿಗೆ ನಿವೃತ್ತಿ. ಅದರ ಸಂತೋಷಕ್ಕೆಂದು ತಮ್ಮ ಹಡಗಿನಲ್ಲಿ ಹನ್ನೆರಡು ದಿನಗಳ ಯಾನಕ್ಕೆ ಅತಿ ಚಿಕ್ಕ ಕ್ಯಾಬಿನ್ನನ್ನು ಕಾಯ್ದಿರಿಸಿದೆವು. ನೂರೈವತ್ತು ಚದರ ಅಡಿ, ಮುಚ್ಚಿದ ಕಿಟಕಿ ಒಂದು. ಹಣ ಕಟ್ಟಿದ ರಸೀದಿಯ ಬೆನ್ನಿಗೇ ತಮ್ಮ ಮೊದಲ ಪತ್ರ ಬಂತು. ಇನ್ನೂರ ಇಪ್ಪತ್ತೆಂಟು ಚದರ ಅಡಿ, ಬಾಲ್ಕನಿ, ಬಾಲ್ಕನಿಯಲ್ಲಿ ಎರಡು ಕುರ್ಚಿ, ಇಂಥವು 'ಕೇವಲ ಎರಡೇ ಉಳಿದಿವೆ'. ಆರು ವಾರಗಳಾದರೂ ಆ ಎರಡು ಎರಡಾಗಿಯೇ ಉಳಿದಿರುವುದು ತಮ್ಮ ದಾಸ್ತಾನು ನಿರ್ವಹಣೆಯ ಹೆಗ್ಗಳಿಕೆಯೆಂದು ನಾನು ನಂಬಿದ್ದೇನೆ.

ವ್ಯತ್ಯಾಸದ ಹಣವನ್ನು ತಾವು ತಮ್ಮ ನಾಣ್ಯದಲ್ಲಿ ತಿಳಿಸಿದ್ದಿರಿ, ನನಗೆ ಅದು ಅರ್ಥವಾಗಲು ನನ್ನ ನಾಣ್ಯಕ್ಕೆ ಇಳಿಸಿಕೊಳ್ಳಬೇಕಾಯಿತು. ಮುನ್ನೂರ ಹನ್ನೆರಡು ಪ್ಯಾಂಟುಗಳ ಕಾಲು ಮಡಿಸಿದಷ್ಟು. ಎಂದರೆ ಹೆಚ್ಚುವರಿ ಜಾಗದ ಒಂದೊಂದು ಚದರ ಅಡಿಗೆ ನಾಲ್ಕು ಪ್ಯಾಂಟು. ಬಾಲ್ಕನಿಯಲ್ಲಿ ಒಂದು ಕಾಲು ಚಾಚಿ ಕುಳಿತರೆ ಹನ್ನೆರಡು ಪ್ಯಾಂಟುಗಳ ಮೇಲೆ ಕಾಲಿಟ್ಟಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರಿಗೆ ತಮ್ಮ ಇಲಾಖೆಯ ಪರಿಚಯವಿರಲಿಲ್ಲ.

ಆದರೂ ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ದೊಡ್ಡದನ್ನು ತೆಗೆದುಕೊಳ್ಳೋಣವೇ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಮರುದಿನ ಅದರ ಕೆಳಗೆ ಯಜಮಾನರ ದುಂಡಕ್ಷರದಲ್ಲಿ ಉತ್ತರವಿತ್ತು: 'ಚಿಕ್ಕದು ಸಾಕು. ಹದಿನಾರು ಚದರ ಅಡಿ ಲಿಫ್ಟಿನಲ್ಲಿ ಎಂಟು ಜನ ನಿಲ್ಲುತ್ತಾರೆ. ಆ ಲೆಕ್ಕದಲ್ಲಿ ನೂರೈವತ್ತಕ್ಕೆ ಎಪ್ಪತ್ತೈದು ಜನ. ನಾವು ಇಬ್ಬರೇ.' ಇಂಥ ಗಣಿತವನ್ನು ಅಲ್ಲಗಳೆಯುವುದು ಕಷ್ಟ.

ಅಂಗಡಿಗೆ ರಜೆಯೂ ಇವರಿಗೆ ವಾರದ ಬಿಡುವೂ ಕೂಡಿಬಂದ ಒಂದು ಸೋಮವಾರ, ಬಾಯಿಮಾತಿಗಿಂತ ಅಳತೆ ಮೇಲೆಂದು, ತಮ್ಮ ನಕ್ಷೆಯನ್ನು ಮುಂದಿಟ್ಟುಕೊಂಡು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಎರಡೂ ಕ್ಯಾಬಿನ್ನುಗಳನ್ನು ನೆಲದ ಮೇಲೆ ನಿಜವಾದ ಅಳತೆಯಲ್ಲಿ ಬರೆದೆ. ದೊಡ್ಡ ಕ್ಯಾಬಿನ್ ಅಂಗಡಿಯಲ್ಲಿ ಹಿಡಿಸಲಿಲ್ಲ. ಅದರ ಬಾಲ್ಕನಿ ಬಾಗಿಲು ದಾಟಿ ಕಾಲುದಾರಿಗೆ ಬಿತ್ತು. ಮೇಲಿನ ಮನೆಯ ಅಜ್ಜಿ ಅದರೊಳಗೆ ನಿಂತು ಅರ್ಧ ಗಂಟೆ ನಮ್ಮೊಡನೆ ಹರಟಿ, ಬಾಲ್ಕನಿ ಗಾಳಿಯಾಡುವಂತಿದೆ ಎಂದು ಮೆಚ್ಚಿ ಹೋದರು. ಈ ಅಭಿಪ್ರಾಯವನ್ನು ತಮ್ಮ ಜಾಹೀರಾತಿಗೆ ಬಳಸಿಕೊಳ್ಳಲು ಅವರ ಅಭ್ಯಂತರವಿಲ್ಲ.

ಬಳಿಕ ಚಿಕ್ಕ ಕ್ಯಾಬಿನ್ನಿನ ಪರೀಕ್ಷೆ. ಕತ್ತರಿಸುವ ಮೇಜನ್ನೇ ಎರಡು ಮಂಚಗಳಲ್ಲಿ ಒಂದೆಂದು ಇಟ್ಟುಕೊಂಡಾಗ ಅದಕ್ಕೂ ಗೋಡೆಗೂ ನಡುವೆ ಉಳಿದದ್ದು ಹದಿನೆಂಟು ಅಂಗುಲ. ನಾನು ಅತ್ತ ಹೋಗಬೇಕು, ಇವರು ಇತ್ತ ಬರಬೇಕು. ಇಬ್ಬರೂ ಒಟ್ಟಿಗೆ ಎಡಕ್ಕೆ ಸರಿದೆವು, ಒಟ್ಟಿಗೆ ಬಲಕ್ಕೆ ಸರಿದೆವು. ಕೊನೆಗೆ ಯಜಮಾನರು ನನ್ನ ಎರಡೂ ಭುಜ ಹಿಡಿದು, ಗಡಿಯಾರದ ಮುಳ್ಳನ್ನು ತಿರುಗಿಸಿದಂತೆ ಮೆಲ್ಲಗೆ ತಿರುಗಿಸಿ ಆಚೆ ಬಿಟ್ಟರು. ಇಬ್ಬರಿಗೂ ನಗು ಬಂತು. ಅವರ ನಗುವಿನ ಸದ್ದು ಹೀಗಿರುತ್ತದೆಂಬುದು ನನಗೆ ಮರೆತೇಹೋಗಿತ್ತು. ಆ ಹದಿನೆಂಟು ಅಂಗುಲದಲ್ಲಿ ನನ್ನ ತೀರ್ಮಾನವಾಯಿತು: ಚಿಕ್ಕದೇ ಇರಲಿ. ಇಷ್ಟಕ್ಕೂ ಲೂಸಾಗಿ ಹೊಲಿಯಿರಿ ಎಂದು ಹಟ ಹಿಡಿದ ಗಿರಾಕಿಗಳೇ ಆರು ತಿಂಗಳಿಗೆ ಬಿಗಿ ಮಾಡಿಕೊಡಿ ಎಂದು ಮರಳಿ ಬರುವುದನ್ನು ನಾನು ಕಂಡವಳು. ಇದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ನಾಚಿಕೆಯಾಗಿ ಬರೆಯಲಿಲ್ಲ.

ಮಾನ್ಯರೇ, ಇಲ್ಲಿಂದ ಮುಂದಿನದು ತಮ್ಮ ಕಂಪನಿಯ ದಕ್ಷತೆಗೆ ಸಂಬಂಧಿಸಿದ್ದು.

ಮಂಗಳವಾರ ಮುಗಿದು ಬುಧವಾರ ಬೆಳಿಗ್ಗೆ ಅಂಗಡಿ ತೆರೆದಾಗ ತಮ್ಮ ಪತ್ರ ಕಾದಿತ್ತು: 'ಅಭಿನಂದನೆಗಳು! ನೀವೀಗ ದೊಡ್ಡ ಕ್ಯಾಬಿನ್ನಿಗೆ ಏರಿದ್ದೀರಿ.' ನಾನು ಏರಿರಲಿಲ್ಲ, ಸೂಜಿಗೆ ದಾರ ಪೋಣಿಸುತ್ತ ನೆಲದ ಮೇಲೆಯೇ ಇದ್ದೆ. ಇದು ತಮ್ಮ ಯಂತ್ರದ ಕೈಚಳಕವೆಂದು ಬಗೆದು ಗುಂಡಿ ಒತ್ತಿ ಚಿಕ್ಕದಕ್ಕೆ ಇಳಿಸಿದೆ. ಬದಲಾವಣೆಯ ಶುಲ್ಕ ಹಿಡಿದುಕೊಂಡು ತಾವು ಅದಕ್ಕೂ ಅಭಿನಂದಿಸಿದಿರಿ. ಗುರುವಾರ ಬೆಳಿಗ್ಗೆ ನೋಡಿದರೆ ಮತ್ತೆ ದೊಡ್ಡದು. ಮತ್ತೆ ಇಳಿಸಿದೆ. ಹೀಗೆ ಎಂಟು ದಿನ. ನಾಲ್ಕನೆಯ ದಿನ ತಮ್ಮ 'ಸಹಾಯಕಿ' ಎಂಬ ಮಾತನಾಡುವ ಯಂತ್ರವನ್ನು ತರಾಟೆಗೆ ತೆಗೆದುಕೊಂಡಾಗ ಅದು 'ಈ ಬದಲಾವಣೆಯನ್ನು ಗ್ರಾಹಕರೇ ಕೋರಿದ್ದಾರೆ' ಎಂದಿತು. ಸುಳ್ಳುಬುರುಕಿ ಎಂದು ಬೈದೆ. ಅದು 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ' ಎಂದಿತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದರೇನೆಂದು ಅಂದು ತಿಳಿಯಿತು. ಯಜಮಾನರಿಗೆ ಹೇಳೋಣವೆಂದರೆ, ಯಂತ್ರ ಎಂದೊಡನೆ ಬಿಚ್ಚಿ ನೋಡುವ ಜಾಯಮಾನ ಅವರದು. ಕೆಲಸದ ಕೊನೆಯ ವಾರ ನೆಮ್ಮದಿಯಾಗಿ ಕಳೆಯಲಿ ಎಂದು ಸುಮ್ಮನಿದ್ದೆ. ಆ ಎಂಟು ದಿನ ನಮ್ಮ ನೋಟ್‌ಬುಕ್ಕಿನಲ್ಲಿ ಹಾಲಿನ ವಿಷಯ ಬಿಟ್ಟರೆ ಬೇರೆ ಯಾವ ವಿಷಯವೂ ಇಲ್ಲ.

ಕೊನೆಯ ಪಾಳಿ ಮುಗಿಸಿ ಬಂದ ದಿನ ಯಜಮಾನರು ಅಭ್ಯಾಸದಂತೆ ಮಲಗಿದವರು, ನಿದ್ದೆ ಬಾರದೆ, ಮಧ್ಯಾಹ್ನಕ್ಕೆ ಎದ್ದು ಬಂದು ನನ್ನ ಮೇಜಿನ ಎದುರು ಸ್ಟೂಲು ಎಳೆದು ಕುಳಿತರು. ಹಗಲು ಹೊತ್ತಿನಲ್ಲಿ ಅಂಗಡಿಯೊಳಗೆ ಅವರನ್ನು ನೋಡಿ ಅಭ್ಯಾಸವಿಲ್ಲದ ನಾನು ಒಂದು ಕ್ಷಣ 'ಏನಾಗಬೇಕಿತ್ತು?' ಎಂದು ಗಿರಾಕಿಯನ್ನು ಕೇಳುವಂತೆ ಕೇಳಿಬಿಟ್ಟೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಮೊಬೈಲು ನೋಡುತ್ತ, "ನೋಡೇ, ಈ ಹಾಳು ಹಡಗಿನವರು ಮತ್ತೆ ಚಿಕ್ಕದಕ್ಕೆ ಇಳಿಸಿಟ್ಟಿದ್ದಾರೆ. ನಾನು ರಾತ್ರಿ ಏರಿಸೋದು, ಇವರು ಬೆಳಿಗ್ಗೆ ಇಳಿಸೋದು. ಯಾವ ಲಿಫ್ಟೂ ನನಗೆ ಇಷ್ಟು ಕಾಟ ಕೊಟ್ಟಿಲ್ಲ" ಎಂದರು.

"ಇಳಿಸಿದ್ದು ನಾನು" ಎಂದೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಹೇಳಿಕೊಂಡು ನಗಬಹುದಾಗಿದ್ದ ಗಳಿಗೆ ಅದು. ಆದರೆ ಚಿಕ್ಕದೇ ಸಾಕೆಂದು ಲೆಕ್ಕ ಬರೆದವರು ದೊಡ್ಡದನ್ನು ಏಕೆ ಒತ್ತುತ್ತಿದ್ದರು? ಕೇಳಿದೆ. ಅವರು ಬಹಳ ಹೊತ್ತು ಮೇಜಿನ ಮೇಲಿದ್ದ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಬೇರೆ ಮಾಡಿಟ್ಟರು. ಆಮೇಲೆ, ನನ್ನ ಮುಖ ನೋಡದೆ ಹೇಳಿದರು: "ಆವತ್ತು ಸೋಮವಾರ ಸಂಜೆ ಅಕ್ಕನ ಹತ್ರ ಫೋನಲ್ಲಿ ಹೇಳ್ತಿದ್ದೆಯಲ್ಲ, ಇವರ ಜೊತೆ ಹನ್ನೆರಡು ದಿನ ಒಂದೇ ರೂಮಲ್ಲಿ ಏನು ಮಾತಾಡಲಿ, ನೆನೆಸಿಕೊಂಡ್ರೆ ಭಯ ಆಗುತ್ತೆ ಅಂತ. ನಾನು ಒಳಗೆ ಮಲಗಿದ್ದೆ, ಆದ್ರೆ ಎಚ್ಚರ ಇತ್ತು. ಬಾಲ್ಕನಿ ಇದ್ರೆ ನಾನು ಹೊರಗೆ ಕೂತಿರ್ತೀನಿ ಅಂತ ಮಾಡಿದೆ. ನನಗೇನು, ಸಮುದ್ರ ನೋಡ್ಕೊಂಡು ಇರ್ತೀನಿ."

ಮಾನ್ಯರೇ, ಹನ್ನೆರಡು ದಿನ. ಈ ಮನುಷ್ಯ ಮುನ್ನೂರ ಹನ್ನೆರಡು ಪ್ಯಾಂಟುಗಳ ಬೆಲೆ ತೆತ್ತು, ನನ್ನ ಮುಂದಿನಿಂದ ಎದ್ದು ಹೋಗಿ ಹೊರಗಿನ ಕುರ್ಚಿಯಲ್ಲಿ ಕೂರಲು ಸಿದ್ಧರಾಗಿದ್ದರು.

ನಾನು ಹಾಗೆ ಹೇಳಿದ್ದು ನಿಜ. ಭಯವೂ ನಿಜ, ಈಗಲೂ ಇದೆ. ಆದರೆ ಅದು ಹೊಸ ಶಾಲೆಗೆ ಸೇರುವ ಮಗುವಿನ ಭಯ, ಬೇಡವೆಂಬ ಭಯವಲ್ಲ. ಇಷ್ಟು ಸಣ್ಣ ವಿಷಯ ಅವರಿಗೆ ತಿಳಿಯದಂತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದೆನಲ್ಲಾ ಎಂದು ನನಗೆ ಅಳು ಬಂತು. ಬ್ಯಾಂಕಿನ ಮ್ಯಾನೇಜರರ ಕೋಟು ಕೈಯಲ್ಲಿತ್ತು, ಅದರ ತೋಳಿಗೇ ಕಣ್ಣೊರೆಸಿಕೊಂಡೆ. ಮ್ಯಾನೇಜರರಿಗೆ ಅದನ್ನು ಇಸ್ತ್ರಿ ಮಾಡಿಯೇ ಕೊಟ್ಟಿದ್ದೇನೆ. "ನೀವು ಹೊರಗೆ ಕೂತುಬಿಟ್ರೆ ನಾನು ಮಾತಾಡೋದು ಕಲಿಯೋದು ಯಾರ ಜೊತೆ?" ಎಂದೆ. ಯಜಮಾನರು ಎದ್ದು ಹೋಗಲಿಲ್ಲ. ಅಂದು ಸಂಜೆಯವರೆಗೆ ಅಲ್ಲೇ ಕುಳಿತು, ಯಾವುದೋ ಹದಿನಾಲ್ಕನೆಯ ಅಂತಸ್ತಿನ ಕೆಳಗೆ ಸಿಕ್ಕಿಹಾಕಿಕೊಂಡ ಮದುಮಗನ ಕಥೆ ಹೇಳಿದರು. ಒಂಬತ್ತು ವರ್ಷದ ಹಿಂದಿನ ಕಥೆಯಂತೆ. ನನಗೆ ಹೊಸದು.

ಈಗ ನನ್ನ ಕೋರಿಕೆಗಳು. ಎಂಟು ಬಾರಿ ಏರಿ ಎಂಟು ಬಾರಿ ಇಳಿದದ್ದಕ್ಕೆ, ಒಂದು ಬಾರಿಗೆ ಹತ್ತೊಂಬತ್ತು ಪ್ಯಾಂಟಿನಂತೆ, ತಾವು ನಮ್ಮಿಂದ ಮುನ್ನೂರ ನಾಲ್ಕು ಪ್ಯಾಂಟುಗಳ ಶುಲ್ಕ ಪಡೆದಿದ್ದೀರಿ. ದೊಡ್ಡ ಕ್ಯಾಬಿನ್ನಿಗೆ ಇನ್ನು ಎಂಟೇ ಪ್ಯಾಂಟು ಕಡಿಮೆ. ಬಹುಪಾಲು ಬೆಲೆ ತೆತ್ತು ಚಿಕ್ಕದರಲ್ಲಿ ಹೋಗುವ ಮೊದಲ ಪ್ರಯಾಣಿಕರು ನಾವೇ ಇರಬೇಕು. ಹಣವನ್ನು ಮರಳಿ ಕೇಳುವಷ್ಟು ಸಣ್ಣತನ ನನಗಿಲ್ಲ. ಬದಲಿಗೆ ಆ ಬಾಲ್ಕನಿಯನ್ನು, ಕಡಿಮೆ ಬಿದ್ದ ಎಂಟು ಪ್ಯಾಂಟಿಗೆ ಎರಡು ಚದರ ಅಡಿ ಕತ್ತರಿಸಿ ತೆಗೆದು, ಹಡಗಿನಿಂದ ಬಿಡಿಸಿ, ನಮ್ಮ ಮನೆಗೆ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ. ಅಂಚು ನಾನೇ ಹೊಲಿದುಕೊಳ್ಳುತ್ತೇನೆ. ಎರಡು ಕುರ್ಚಿಗಳನ್ನೂ ಮರೆಯದೆ ಕಳುಹಿಸಿ. ಒಂದೇ ಕಳುಹಿಸಿದರೆ ಸ್ವೀಕರಿಸುವುದಿಲ್ಲ.

ಎರಡನೆಯದಾಗಿ, ಗಂಡ ಹೆಂಡತಿ ಇಬ್ಬರೂ ಒಂದೇ ಖಾತೆಯಲ್ಲಿ ಒಬ್ಬರ ವಿರುದ್ಧ ಒಬ್ಬರು ಗುಂಡಿ ಒತ್ತುತ್ತಿರುವಾಗ, ಅಭಿನಂದನೆ ಹೇಳುವ ಮೊದಲು 'ಒಮ್ಮೆ ಮನೆಯಲ್ಲಿ ಮಾತಾಡಿ' ಎಂಬ ಒಂದು ಸಾಲು ತೋರಿಸುವಂತೆ ಯಂತ್ರಕ್ಕೆ ಕಲಿಸಬೇಕು. ಇದರಿಂದ ತಮ್ಮ ವರಮಾನಕ್ಕೆ ಧಕ್ಕೆಯಾಗುವುದಾದರೆ, ಕಲಿಸುವುದು ಬೇಡ. ನಿಜ ನುಡಿದ 'ಸಹಾಯಕಿ'ಗೆ ನನ್ನ ಕ್ಷಮೆಯನ್ನು ತಲುಪಿಸಿ.

ಕೊನೆಯದಾಗಿ, ತಮ್ಮ ನಕ್ಷೆಯ ಕೆಳಗೆ ಇರುವೆ ಗಾತ್ರದ ಅಕ್ಷರಗಳಲ್ಲಿ, ಕ್ಯಾಬಿನ್ನಿನ ಎರಡು ಮಂಚಗಳನ್ನು ಕೋರಿಕೆಯ ಮೇರೆಗೆ ಜೋಡಿಸಿಕೊಡಲಾಗುವುದೆಂದು ಬರೆದಿದ್ದೀರಿ. ಕೋರಿದ್ದೇನೆ. ಇದಕ್ಕೆ ಶುಲ್ಕವಿದ್ದರೆ ತಿಳಿಸಿ, ಹೊಲಿದು ಕಟ್ಟುತ್ತೇನೆ.

ತಮ್ಮ ಹದಿನಾರು ಅಭಿನಂದನೆಗಳಲ್ಲಿ ಎಂಟಕ್ಕೆ ಮಾತ್ರ ಹಕ್ಕುದಾರಳಾದ,
ತಮ್ಮ ವಿಶ್ವಾಸಿ,
ಅತಿ ಚಿಕ್ಕ ಕ್ಯಾಬಿನ್ನಿನ ಪ್ರಯಾಣಿಕಳು

ಮರೆತ ಮಾತು: ಈ ಪತ್ರ ಮುಗಿಸುವಷ್ಟರಲ್ಲಿ ತಮ್ಮ ಇನ್ನೊಂದು ಕೊಡುಗೆ ಬಂತು. ದಂಪತಿಗಳಿಗೆ ಬೇರೆ ಬೇರೆ ಅಂತಸ್ತಿನಲ್ಲಿ ಒಂದೊಂದು ದೊಡ್ಡ ಕ್ಯಾಬಿನ್, 'ಕೇವಲ ಎರಡೇ ಉಳಿದಿವೆ'. ನಾನು ಕನ್ನಡಕ ಹುಡುಕುವಷ್ಟರಲ್ಲಿ ಯಜಮಾನರು ಅದನ್ನು ಅಳಿಸಿಹಾಕಿದರು. ಇಪ್ಪತ್ತಾರು ವರ್ಷಗಳಲ್ಲಿ ನನ್ನನ್ನು ಒಂದು ಮಾತೂ ಕೇಳದೆ ಅವರು ಮಾಡಿದ ಕೆಲಸಗಳ ಪೈಕಿ ನನ್ನ ದೂರಿಲ್ಲದ್ದು ಇದೊಂದೇ.