ಹೊರಬಾರದ ಗಾಡಿಯ ಜಾತಕ

ನನಗೆ ಕಾರು ಓಡಿಸಲು ಬರುವುದಿಲ್ಲ. ಇದು ತೀರ ಕ್ಷುಲ್ಲಕ ವಿಷಯ. ಆದ್ದರಿಂದ ಮೊದಲೇ ಹೇಳಿ ಮುಗಿಸುತ್ತೇನೆ. ಬನಹಟ್ಟಿಯ ಕಾಲೇಜೊಂದರಲ್ಲಿ ನಾನು ಹಿರಿಯ ಗುಮಾಸ್ತ. ಒಂದು ಹಳೆಯ ಸ್ಕೂಟರ್ ಇದೆ. ಅದನ್ನು ಸ್ಟ್ಯಾಂಡಿಗೆ ಹಾಕಲು ನನ್ನ ಹೆಂಡತಿ ಕಸ್ತೂರಿಯ ಕೈ ಬೇಕು. ಆದರೂ ಮಾರುಕಟ್ಟೆಗೆ ಇನ್ನೂ ಬಾರದ ವಾಹನಗಳ ವಿಷಯದಲ್ಲಿ ರಬಕವಿಯಿಂದ ಜಮಖಂಡಿಯವರೆಗೆ ನನ್ನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಬಂದ ವಾಹನದ ಬಗ್ಗೆ ಯಾರು ಬೇಕಾದರೂ ಮಾತಾಡುತ್ತಾರೆ. ಬಾರದ ವಾಹನದ ಬಗ್ಗೆ ಮಾತಾಡಲು ಎದೆಗಾರಿಕೆ ಬೇಕು!

ಕಾಲೇಜಿನ ಗ್ರಂಥಾಲಯಕ್ಕೆ ಬರುತ್ತಿದ್ದ ಮೋಟಾರು ಪತ್ರಿಕೆ ಮೊದಲು ನನ್ನ ಟೇಬಲ್ಲಿಗೇ ಬರುತ್ತಿತ್ತು. ಒಂದು ಸಲ ಅದರಲ್ಲಿ ಕದ್ದು ತೆಗೆದ ಒಂದು ಚಿತ್ರ ಬಂತು. ಯಾವುದೋ ಘಟ್ಟದ ರಸ್ತೆಯಲ್ಲಿ ಒಂದು ದೊಡ್ಡ ಎಸ್‌ಯುವಿ. ಗುರುತು ಸಿಗದಿರಲೆಂದು ಮೈತುಂಬ ಕಪ್ಪು-ಬಿಳಿ ಪಟ್ಟೆಗಳ ಹೊದಿಕೆ ಹಾಕಿದ್ದರು. ಕಾಣುತ್ತಿದ್ದುದು ಗಾಲಿಗಳು ಮತ್ತು ಹೊಟ್ಟೆಯ ಕೆಳಗಿನ ಒಂದು ಉಬ್ಬು, ಅಷ್ಟೆ. ನನಗೆ ಅಷ್ಟು ಸಾಕಾಯಿತು.

ಭೂಗೋಳ ವಿಭಾಗದಿಂದ ಕೋನಮಾಪಕ ತರಿಸಿದೆ. ಬಂಪರಿನ ತುದಿಯಿಂದ ಗಾಲಿಯ ಬುಡಕ್ಕೆ ಗೆರೆ ಎಳೆದು, ಗಾಡಿ ಎಷ್ಟು ಕಡಿದಾದ ದಿಬ್ಬ ಏರಬಲ್ಲದೆಂದು ಅಳೆದೆ. ಚಿತ್ರವೇ ಸೊಟ್ಟಗಿತ್ತೋ, ನಾನು ಸೊಟ್ಟಗೆ ಕುಳಿತಿದ್ದೆನೋ, ಕೋನ ಮಾತ್ರ ಭರ್ಜರಿಯಾಗಿ ಬಂತು. ಇನ್ನು ಆ ಉಬ್ಬು! ಅದು ನಾಲ್ಕೂ ಗಾಲಿಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ.

ಆ ಭಾನುವಾರ ಕಸ್ತೂರಿಯ ತಮ್ಮ ಈರಣ್ಣ ಹುನ್ನೂರಿನಿಂದ ಬಂದಿದ್ದ. ಕಬ್ಬು ಬೆಳೆಯುವ ಜಮೀನುದಾರ. ಅವನ ಮನೆ ಇರುವುದು ತೋಟದಲ್ಲಿ, ಡಾಂಬರು ರಸ್ತೆಯಿಂದ ಸಾಕಷ್ಟು ಒಳಗೆ. ನಡುವೆ ಇರುವುದೆಲ್ಲ ಎರೆಭೂಮಿ. ಅಣೆಕಟ್ಟಿನ ಹಿನ್ನೀರು ಬಂದ ಮೇಲಂತೂ ಬೇಸಿಗೆಯೊಂದನ್ನು ಬಿಟ್ಟರೆ ಆ ದಾರಿ ಒಣಗುವುದನ್ನೇ ಮರೆತಿತ್ತು. ಹಳೆಯ ಜೀಪು ಕೈಕೊಟ್ಟಿದ್ದರಿಂದ ಅವನಿಗೆ ಹೊಸ ಗಾಡಿ ಬೇಕಿತ್ತು.

ನಾನು ಪತ್ರಿಕೆಯನ್ನು ಅವನ ಮುಂದಿಟ್ಟೆ.

"ಮಾಮಾ, ಇದಕ್ಕ ಚಾದರ ಹೊಚ್ಚ್ಯಾರಲ್ಲ. ಒಳಗ ಏನೈತಿ ಅಂತ ಹೆಂಗ ಗೊತ್ತಾತು?"

"ವೈದ್ಯ ನಾಡಿ ಹಿಡದ ರೋಗ ಹೇಳ್ತಾನೋ ಹೊಟ್ಟಿ ಕೊಯ್ದ ಹೇಳ್ತಾನೋ?"

"ನಮ್ಮ ಎರಿಯೊಳಗ ಹೊಕ್ಕೈತೇನ?"

"ಹೊಕ್ಕೈತಿ, ಹೊಂಡತೈತಿ. ಮಳಿಗಾಲದಾಗ ಕೃಷ್ಣಾ ನದಿ ದಂಡಿಗುಂಟ ಓಡಸಿದ್ರೂ ಗಾಲಿ ಸಿಗಬೀಳೂದಿಲ್ಲ. ಇದು ನನ್ನ ಮಾತು!"

ಒಳಗಿನಿಂದ ಕಸ್ತೂರಿ ಕೂಗಿದಳು. "ಈರಣ್ಣಾ, ಅವರ ಮಾತ ಕೇಳಬ್ಯಾಡೋ. ನಮ್ಮ ಮಿಕ್ಸರ್ ಬಗ್ಗೇನೂ ಹಿಂಗ ಹೇಳಿದ್ರು."

ಈರಣ್ಣ ನನ್ನ ಮಾತನ್ನೇ ಕೇಳಿದ. ಅವನಿಗೆ ಮೊದಲಿನಿಂದಲೂ ನನ್ನ ಮೇಲೆ ವಿಶ್ವಾಸ. ಅಷ್ಟು ಒಳ್ಳೆಯ ಮನುಷ್ಯ.

ಗಾಡಿ ಮಾರಾಟಕ್ಕೆ ಬಂದ ಮೊದಲ ವಾರವೇ ನಾವಿಬ್ಬರೂ ಅದನ್ನು ತರಲು ಹೋದೆವು. ಶೋರೂಮಿನ ಹುಡುಗಿ ಬಹಳ ನಯವಾಗಿ, "ಸರ್, ಇದರಾಗ ಮುಂದಿನ ಎರಡ ಗಾಲಿ ಅಷ್ಟ ಎಳಿತಾವ್ರಿ. ಪ್ಯಾಟಿ ರಸ್ತಾದಾಗ ಬಾಳ ಛಲೋ ಓಡ್ತೈತ್ರಿ," ಎಂದಳು. ಈರಣ್ಣ ಗಾಬರಿಯಿಂದ ನನ್ನ ಮುಖ ನೋಡಿದ. ನಾನು ಕರುಣೆಯಿಂದ ನಕ್ಕೆ.

"ಮಾರಾಟದವ್ರಿಗೆ ಕಂಪನಿ ಎಲ್ಲಾ ಗುಟ್ಟ ಹೇಳಿರೂದಿಲ್ಲೋ. ಹಿಂದಿನ ಗಾಲಿ ಅಗತ್ಯ ಬಿದ್ದಾಗ ತಾವ ಚಾಲೂ ಆಕ್ಕಾವು."

ಮುಂದಿನ ಕೆಲವು ತಿಂಗಳು ನನ್ನ ಕೀರ್ತಿಯ ಕಾಲ. ಗಾಡಿ ಮುಧೋಳಕ್ಕೆ ಹೋಯಿತು, ಬೀಳಗಿಗೆ ಹೋಯಿತು, ಜಮಖಂಡಿಯ ಸಂತೆಗೆ ಹೋಯಿತು. ಎಲ್ಲವೂ ಡಾಂಬರು ರಸ್ತೆ. ಬೇಸಿಗೆ ಬೇರೆ, ಹೊಲದ ದಾರಿಯೂ ಒಣಗಿತ್ತು. ಅದು ಒಂದು ಸ್ಪೀಡ್ ಬ್ರೇಕರ್ ದಾಟಿದರೂ ನಾನು ಈರಣ್ಣನ ಕಡೆ ತಿರುಗಿ, "ನೋಡಿದೆಲ್ಲ?" ಎನ್ನುತ್ತಿದ್ದೆ.

ಹೀಗಿರುವಾಗ ಈರಣ್ಣನ ಮಗಳು ಭಾರತಿಗೆ ಮುಧೋಳದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಪ್ರಶಾಂತ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನೌಕರಿ. ತಂದೆ ನಿವೃತ್ತ ಮಾಸ್ತರರು. ಭಾರತಿ ಚಿಮ್ಮಡದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಬಂದ ಸಂಬಂಧಗಳನ್ನೆಲ್ಲ ಫೋಟೋದಲ್ಲೇ ಹಿಂದೆ ಕಳಿಸಿದವಳು. ಈ ಫೋಟೋ ನೋಡಿ ಮಾತ್ರ, "ನೋಡೂಣು" ಅಂದಿದ್ದಳು. ಆ ಹುಡುಗಿಯ ಬಾಯಲ್ಲಿ ಅದು ಅರ್ಧ ಮದುವೆಗೆ ಸಮ. ಈರಣ್ಣ ದೇವರಿಗೆ ಕಾಯಿ ಒಡೆಸಿ ಬಂದ. ಈ ಸಂಬಂಧ ಮಾತ್ರ ತಪ್ಪಬಾರದೆಂದು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದಿದ್ದರು.

ಕನ್ಯೆ ನೋಡುವ ಕಾರ್ಯಕ್ರಮ ಬನಹಟ್ಟಿಯ ನಮ್ಮ ಮನೆಯಲ್ಲಿ ಎಂದು ಕಸ್ತೂರಿ ನಿರ್ಧರಿಸಿದ್ದಳು. ಬಾಗಿಲ ಮುಂದೆಯೇ ಗಟ್ಟಿ ರಸ್ತೆ. ಆದರೆ ಹಿಂದಿನ ದಿನ ಮಾಸ್ತರರು ಫೋನಿನಲ್ಲಿ, "ತ್ವಾಟದ ಮನಿ ನೋಡಬೇಕಂತ ಆಸೆ ಇತ್ರಿ. ಮಳಿ ಆಗೇತಿ, ಇರ್ಲಿ ಬಿಡ್ರಿ," ಎಂದರು. ಫೋನು ಹಿಡಿದಿದ್ದವನು ದುರ್ದೈವದಿಂದ ನಾನು.

"ಮಳಿ ಆದ್ರೇನಾತ್ರಿ? ನಮ್ಮ ಗಾಡಿ ಐತಿ!" ಅಂದುಬಿಟ್ಟೆ.

ಕಸ್ತೂರಿ ಸೆರಗಿಗೆ ಕೈ ಒರೆಸುತ್ತ ಬಂದಳು. "ಅಲ್ರೀ, ಇದು ಹುಡುಗಿ ಬಾಳೇವು. ನಿಮ್ಮ ಗಾಡಿ ಪರೀಕ್ಷಾ ಅಲ್ಲ."

"ಎರಡೂ ಒಂದ ಸಲ ಪಾಸ್ ಆಗಿ ಬಿಡ್ತಾವ ಬಿಡು," ಎಂದೆ.

ಮರುದಿನ ಮಧ್ಯಾಹ್ನ ಹುನ್ನೂರಿನ ಹೊಲದ ದಾರಿ ಡಾಂಬರು ರಸ್ತೆಗೆ ಕೂಡುವಲ್ಲಿ ಈರಣ್ಣ ಮತ್ತು ನಾನು, ಮಳೆಗೆ ಮುಂಚೆಯೇ ಬನಹಟ್ಟಿಗೆ ತಂದಿಟ್ಟಿದ್ದ ಗಾಡಿ ನಿಲ್ಲಿಸಿಕೊಂಡು ಕಾದೆವು. ಕಸ್ತೂರಿ ಬೆಳಿಗ್ಗೆಯೇ ಟ್ರ್ಯಾಕ್ಟರಿನಲ್ಲಿ ಕುಳಿತು ತೋಟದ ಮನೆ ಸೇರಿದ್ದಳು. ಗಂಡಿನ ಕಡೆಯವರು ಬಾಡಿಗೆ ಕಾರಿನಲ್ಲಿ ಬಂದರು. ಪ್ರಶಾಂತನ ತಾಯಿಗೆ ಮೈಯಲ್ಲಿ ಆರಾಮಿರಲಿಲ್ಲವಂತೆ. ಬದಲಿಗೆ ಪೂರ್ಣ ಅಧಿಕಾರದೊಂದಿಗೆ ಅಜ್ಜಿಯನ್ನು ಕಳಿಸಿದ್ದರು. ಬಾಡಿಗೆ ಕಾರಿನ ಚಾಲಕ ಹೊಲದ ದಾರಿ ನೋಡಿ, ಎಂಜಿನ್ ಬಂದ್ ಮಾಡಿ ಸೀಟು ಹಿಂದಕ್ಕೆ ಬಾಗಿಸಿ ಮಲಗಿಬಿಟ್ಟ. ಅಂಜುಬುರುಕ!

ಅಜ್ಜಿ, ಮಾಸ್ತರರು, ಪ್ರಶಾಂತ ಹಿಂದೆ ಕುಳಿತರು. ಮುಂದೆ ಸ್ಟೀರಿಂಗ್ ಹಿಡಿದು ಈರಣ್ಣ, ಪಕ್ಕದಲ್ಲಿ ನಾನು. ಗಾಡಿ ಎರೆಗೆ ಇಳಿಯಿತು. ನಾನು ಅತಿಥಿಗಳ ಕಡೆ ತಿರುಗಿ ಕೋನ, ಎತ್ತರ, ಹಿಡಿತ ಇತ್ಯಾದಿಗಳ ಕುರಿತು ವಿವರಣೆ ಆರಂಭಿಸಿದೆ. ಅರ್ಧ ದಾರಿಯವರೆಗೆ ಗಾಡಿಯೂ ನಾನೂ ಚೆನ್ನಾಗಿಯೇ ಓಡಿದೆವು. ಆಮೇಲೆ ನಾನೊಬ್ಬನೇ ಓಡುತ್ತಿದ್ದೆ.

"ಯಾಕಪಾ, ಗಾಡಿ ನಿಂತತಿ?" ಅಜ್ಜಿ ಕೇಳಿದರು.

"ನಿಂತಿಲ್ಲರಿ ಆಯಿ. ಹಿಡಿತ ಹುಡಕಾಕತ್ತೈತಿ."

"ಸಿಕ್ಕಿಂದ ಹೇಳ್ರಿ," ಎಂದು ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿದರು.

ಈರಣ್ಣನ ಹಣೆಯಲ್ಲಿ ಬೆವರು. "ಮಾಮಾ, ಹಿಂದಿನ ಗಾಲಿ ತಿರಗವಲ್ಲವು!"

"ತಡಿ, ತಾವ ಚಾಲೂ ಆಕ್ಕಾವು. ನೀ ಜೋರ ಒತ್ತು!"

ಈರಣ್ಣ ಜೋರಾಗಿ ಒತ್ತಿದ. ಮುಂದಿನ ಗಾಲಿಗಳು ಭೋರೆಂದು ತಿರುಗಿ, ನೆಲ ಅಗೆದು, ಗಾಡಿಯನ್ನು ಹೊಟ್ಟೆಯವರೆಗೆ ಹೂತು, ನನ್ನ ಬದಿಗೆ ವಾಲಿಸಿ ವಿಶ್ರಾಂತಿ ಪಡೆದವು. ಎರೆಮಣ್ಣು ಮೆತ್ತಿ ಪ್ರತಿ ಗಾಲಿಯೂ ದೊಡ್ಡ ಹೂರಣದುಂಡೆಯಂತಾಗಿತ್ತು.

ನಾನು ಇಳಿದೆ. ಇಳಿದ ಕೂಡಲೇ ಒಂದು ಚಪ್ಪಲಿ ಭೂಮಿತಾಯಿಗೆ ಅರ್ಪಣೆಯಾಯಿತು. ಮೊಣಕಾಲೂರಿ ಬಗ್ಗಿ, ನಾನು ಇಷ್ಟು ದಿನ ನಂಬಿದ್ದ ಆ ಉಬ್ಬನ್ನು ಮೊದಲ ಸಲ ಕಣ್ಣಾರೆ ನೋಡಿದೆ. ಅದರ ಬಾಲದಿಂದ ಹೊಗೆ ಬರುತ್ತಿತ್ತು. ಪ್ರಶಾಂತನೂ ಇಳಿದು ಪಕ್ಕದಲ್ಲಿ ಬಗ್ಗಿದ. ಬೇರೆ ಯಾರಿಗೂ ಕೇಳದಂತೆ ಪಿಸುಗುಟ್ಟಿದ: "ಸರ್, ಇದು ಸೈಲೆನ್ಸರ್ ಅಲ್ಲೇನ್ರಿ?"

"ಹಂಗ ಅನಸ್ತೈತಿ," ಎಂದೆ.

ಹುಡುಗ ನಗಲಿಲ್ಲ. ಆ ಕ್ಷಣವೇ ನನಗೆ ಅವನು ಹಿಡಿಸಿಬಿಟ್ಟ.

ನಾವಿಬ್ಬರೂ ನೂಕಿದೆವು. ಮಾಸ್ತರರು ಸಲಹೆ ಕೊಡಲು ಕಿಟಕಿಯಿಂದ ತಲೆ ಹೊರಹಾಕಿದರು. ಅದೇ ಮುಹೂರ್ತಕ್ಕೆ ಈರಣ್ಣ ಮತ್ತೊಮ್ಮೆ ಒತ್ತಿದ. ಗಾಲಿಯಿಂದ ಸಿಡಿದ ಕೆಸರು ಮಾಸ್ತರರ ಬಿಳಿ ಅಂಗಿ, ಕನ್ನಡಕ, ಮೀಸೆಗಳನ್ನು ಒಂದೇ ಬಣ್ಣಕ್ಕೆ ತಂದಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಮಣ್ಣ ಫಲವತ್ತ ಐತಿ," ಎಂದು ಒಳಗೆ ಸರಿದರು. ಈರಣ್ಣ ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಂಡ. ಅವನು ಒಂದು ಬೈಗುಳ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಆತು ಮಾಮಾ, ಮುಗೀತು," ಎಂದಷ್ಟೇ ಅಂದ.

ಅವನು ಮನೆಗೆ ಫೋನು ಮಾಡಿದ. ಟ್ರ್ಯಾಕ್ಟರ್ ಕಬ್ಬಿನ ಹೊಲಕ್ಕೆ ಹೋಗಿದೆ, ಬರಲು ತಡವಾಗುತ್ತದೆ ಎಂಬ ಉತ್ತರ ಬಂತು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಎರಡು ಸೀರೆಗಳು ಕಂಡವು. ಹಿಂದಿನದು ಕಸ್ತೂರಿ, ಹೆಜ್ಜೆಗೊಮ್ಮೆ ತೂಗಾಡುತ್ತ, ಅಷ್ಟು ದೂರದಿಂದಲೇ ನನ್ನನ್ನು ದಿಟ್ಟಿಸುತ್ತ ಬರುತ್ತಿದ್ದಳು. ಮುಂದಿನದು ಭಾರತಿ. ಹೊಸ ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ, ಒಂದು ಕೈಯಲ್ಲಿ ಚಹದ ಕಿಟ್ಲಿ, ಇನ್ನೊಂದರಲ್ಲಿ ಅವಲಕ್ಕಿಯ ಡಬ್ಬಿ ಹಿಡಿದು ಡಾಂಬರಿನ ಮೇಲೆ ನಡೆದಂತೆ ಬಂದಳು.

"ಕನ್ಯಾ ಎಲ್ಲೆದಾಳ?" ಅಜ್ಜಿ ಕೇಳಿದರು.

"ನಾನ ರೀ ಆಯಿ. ಚಾ ಆರೂದ್ರಾಗ ಕುಡೀರಿ," ಎಂದು ಭಾರತಿ ಕಿಟಕಿಯಿಂದಲೇ ಲೋಟ ಕೊಟ್ಟಳು. ವಾಲಿದ ಗಾಡಿಯಲ್ಲಿ ಅಜ್ಜಿ ಜಾರಿ ಜಾರಿ ಮಾಸ್ತರರ ಮಡಿಲಿಗೇ ಬಂದಿದ್ದರು. ಆದರೂ ಶಾಸ್ತ್ರ ಬಿಡುವವರಲ್ಲ.

"ಅಡಿಗಿ ಬರ್ತೈತೇನವಾ?"

"ಬರ್ತೈತ್ರಿ. ಸಿಟ್ಟೂ ಬರ್ತೈತಿ," ಎಂದು ಭಾರತಿ ನನ್ನ ಕಡೆ ನೋಡಿದಳು.

ಕಿಟ್ಲಿ ಹಿಡಿದುಕೊಳ್ಳಲೆಂದು ಪ್ರಶಾಂತ ಬೂಟುಗಾಲಲ್ಲಿ ಒಂದು ಹೆಜ್ಜೆ ಮುಂದಿಟ್ಟ. ಮುಂದಿಟ್ಟದ್ದು ಹೆಜ್ಜೆ, ತಲುಪಿದ್ದು ಬೆನ್ನು. ಅಂಗಾತ ಕೆಸರಿನಲ್ಲಿ ಬಿದ್ದ. ಭಾರತಿ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಹೊಲವೆಲ್ಲ ಕೇಳುವಂತೆ ನಕ್ಕಳು. ಈರಣ್ಣ ಕಣ್ಣು ಮುಚ್ಚಿಕೊಂಡ. ಆದರೆ ಬಿದ್ದವನೂ ನಗತೊಡಗಿದ.

"ನೀವು ಹೆಂಗ್ರಿ ಬೀಳಲಾರದ ಬಂದ್ರಿ?"

"ಮದಲ ಆ ಬೂಟ ಕಳೀರಿ. ಹಿಮ್ಮಡ ಊರಬ್ಯಾಡ್ರಿ, ಬೆರಳ ಊರ್ರಿ. ಬರ್ರಿ, ಮನ್ಯಾಗ ಬಿಸಿನೀರ ಅದಾವು."

ಅವಳು ಮುಂದೆ, ಬೂಟು ಕೈಯಲ್ಲಿ ಹಿಡಿದುಕೊಂಡು ಅವನು ಹಿಂದೆ. ಒಂದೊಂದು ಹೆಜ್ಜೆಗೂ ಅವಳು ತಿರುಗಿ ಏನೋ ಹೇಳುವುದು, ಅವನು ಹಾಗೆಯೇ ಕಾಲಿಡುವುದು. ಅಜ್ಜಿ ಬಹಳ ಹೊತ್ತು ನೋಡಿದರು.

"ಮಾಸ್ತರ, ಹುಡುಗಿ ನಡಸಾಕತ್ತಾಳ, ಹುಡುಗ ನಡ್ಯಾಕತ್ತಾನ. ಇನ್ನೇನ ನೋಡೂದೈತಿ?"

ಈರಣ್ಣನ ಕಣ್ಣಲ್ಲಿ ನೀರು ಬಂತು. ಮಾಸ್ತರರ ಕಣ್ಣಲ್ಲೂ ಬಂತು, ಅದು ಕೆಸರಿನದಿರಬಹುದು. ನನಗೆ ಎಷ್ಟು ಧೈರ್ಯ ಬಂತೆಂದರೆ, "ನೋಡ್ರಿ, ನಮ್ಮ ಗಾಡಿ ಸಿಗಬೀಳದಿದ್ರ..." ಎಂದು ಆರಂಭಿಸಿಬಿಟ್ಟೆ. ಕಸ್ತೂರಿ ನನ್ನ ಕೈಗೆ ಅವಲಕ್ಕಿ ಡಬ್ಬಿ ಕೊಟ್ಟು, "ಬಾಯಿಗೆ ಇದನ್ನ ಹಾಕ್ಕೋರಿ," ಎಂದಳು.

ಅಜ್ಜಿ ನನ್ನತ್ತ ತಿರುಗಿದರು. "ನೀವು ಏನ ಮಾಡಿಕೊಂಡೀರಿ?"

"ಕಾಲೇಜಿನ್ಯಾಗ ಅದೀನ್ರಿ."

"ಏನ ಕಲಸ್ತೀರಿ?"

"ಕಲಸೂದಿಲ್ಲರಿ. ಗುಮಾಸ್ತ."

"ಛಲೋ ಆತು," ಎಂದು ಅಜ್ಜಿ ನಿಜವಾದ ನೆಮ್ಮದಿಯಿಂದ ಉಸಿರುಬಿಟ್ಟರು.

ಕೊನೆಗೆ ಟ್ರ್ಯಾಕ್ಟರ್ ಬಂತು. ಅಜ್ಜಿಯನ್ನು ಅದರ ಮೇಲೆ ಕೂರಿಸಿ ಮೊದಲು ಮನೆ ಮುಟ್ಟಿಸೋಣವೆಂದರೆ, "ಗಾಡಿ ಹೊಂಡೂದ ನೋಡೇ ಹೋಗಾಕಿ" ಎಂದು ಹಟ ಹಿಡಿದರು. ಹಗ್ಗ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಬಂತು. ಎಲ್ಲರೂ ಸುಮ್ಮನಿದ್ದರು, ನಾನು ಇರಲಿಲ್ಲ. "ಬಂಪರಿಗೆ ಕಟ್ಟು! ಅಪ್ಪಟ ಉಕ್ಕು!" ಎಂದೆ. ಕಟ್ಟಿದರು. ಟ್ರ್ಯಾಕ್ಟರ್ ಮುಂದೆ ಹೋಯಿತು. ಬಂಪರ್ ಅದರ ಹಿಂದೆ ಹೋಯಿತು. ಗಾಡಿ ನಮ್ಮ ಜತೆಗೇ ಉಳಿಯಿತು!

ಅಜ್ಜಿ ನಕ್ಕ ನಗೆಗೆ ಎಲೆಅಡಿಕೆ ಕೆಳಗೆ ಬಿತ್ತು. ಮಾಸ್ತರರು ನಕ್ಕರು. ಕೊನೆಗೆ ಈರಣ್ಣನೂ ಕೆಸರಿನಲ್ಲೇ ಕೂತು ನಕ್ಕ. ಗಾಡಿ ಮಣ್ಣು ಒಣಗುವವರೆಗೆ ಅಲ್ಲೇ ಇತ್ತು. ಅದರ ನೆತ್ತಿಯ ಮೇಲೆ ಬೆಳ್ಳಕ್ಕಿಗಳು ಕೂಡುತ್ತಿದ್ದವಂತೆ. ಭಾರತಿಯ ಮದುವೆ ಮುಧೋಳದಲ್ಲಿ ಸಾಂಗವಾಗಿ ನಡೆಯಿತು. ಮಂಟಪದ ತನಕ ಡಾಂಬರು ರಸ್ತೆ ಇದೆಯೇ ಎಂದು ಅಜ್ಜಿ ತಾವೇ ಮುಂಚಿತವಾಗಿ ಹೋಗಿ ನೋಡಿ ಬಂದಿದ್ದರು.

ಅಂದಿನಿಂದ ನಾನು ಗಾಡಿಗಳ ಬಗ್ಗೆ ಬಾಯಿ ಬಿಡುವುದನ್ನು ಬಿಟ್ಟೆ. ಆದರೆ ಕೆಲವು ವರ್ಷಗಳಾದ ಮೇಲೆ ಒಂದು ದಿನ ಈರಣ್ಣನದೇ ಫೋನು ಬಂತು.

"ಮಾಮಾ, ಇನ್ನೊಂದ ಹೊಸಾ ಗಾಡಿ ಬರಾಕತ್ತೈತಂತ. ಎರಿಯೊಳಗ ಹೆಂಗ?"

ನನ್ನ ಕಣ್ಣು ತುಂಬಿ ಬಂತು. ಇಷ್ಟೆಲ್ಲ ಆದ ಮೇಲೂ ಅವನು ನನ್ನನ್ನೇ ಕೇಳುತ್ತಿದ್ದಾನೆ! ಈ ಸಲ ಅವಸರ ಮಾಡಲಿಲ್ಲ. ವಾರಗಟ್ಟಲೆ ಓದಿದೆ. ಅಳೆದೆ, ತೂಗಿದೆ. ಆಮೇಲೆ ಗಂಭೀರವಾಗಿ ತೀರ್ಪು ಕೊಟ್ಟೆ:

"ಬ್ಯಾಡ ಈರಣ್ಣ. ದಮ್ಮಿಲ್ಲ. ನಿನ್ನ ಹೊಲಕ್ಕ ಇಳೀತಂದ್ರ ಹೊರಗ ಬರೂದಿಲ್ಲ."

"ಪಕ್ಕಾ ಏನ ಮಾಮಾ?"

"ಪಕ್ಕಾ."

"ಬಾಳ ಉಪಕಾರ ಆತ ನೋಡ್ರಿ," ಎಂದು ಫೋನಿಟ್ಟ.

ಮರುದಿನ ಬೆಳಿಗ್ಗೆಯೇ ಹೋಗಿ ಆ ಗಾಡಿ ಬುಕ್ ಮಾಡಿ ಬಂದ!