ಸಮಿತಿಗೆ ಒಬ್ಬರು ಕಮ್ಮಿ

ಬೆಳಗ್ಗೆ ಬೆಳಗ್ಗೆಯೇ ಫೋನ್ ಬಂತು. ಸಲಹಾ ಸಮಿತಿಯ ಮೂರನೆಯ ಸದಸ್ಯರು ಬಚ್ಚಲಲ್ಲಿ ಬಿದ್ದ ಸೋಪು ಎತ್ತಿಕೊಳ್ಳಲು ಬಗ್ಗಿದವರು ಸೊಂಟ ಹಿಡಿದುಕೊಂಡು ಮತ್ತೆ ನೆಟ್ಟಗಾಗಿರಲಿಲ್ಲ. ಸೋಪು ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ, ಅಕ್ಕನ ಪಿಎಚ್‌ಡಿ ಮಾತ್ರ ಕೈಜಾರಿತು.

ಅಕ್ಕ ಎಂದರೆ ಯಾರ ಒಡಹುಟ್ಟಿದ ಅಕ್ಕನೂ ಅಲ್ಲ. ಪ್ರಾಣಿಶಾಸ್ತ್ರ ವಿಭಾಗದ ಅತಿ ಹಳೆಯ ಸಂಶೋಧನಾ ವಿದ್ಯಾರ್ಥಿನಿಯಾದ್ದರಿಂದ ಕಾವಲುಗಾರನಿಂದ ಹಿಡಿದು ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಜೊತೆಗೆ ಸೇರಿದವರು ಮುಗಿಸಿ ಹೋಗಿದ್ದರು, ಆಮೇಲೆ ಸೇರಿದವರೂ ಹೋಗಿದ್ದರು. ಸಾಲು ತಪ್ಪಿದ ಇರುವೆ ಮತ್ತೆ ಗೂಡಿಗೆ ಹೇಗೆ ಮರಳುತ್ತದೆ ಎಂಬುದು ಅವಳ ವಿಷಯ. ಹಗಲೆಲ್ಲ ಇರುವೆಗಳ ಜೊತೆ ಕೂತು, ಮಧ್ಯಾಹ್ನ ಕಿಟಕಿಗೆ ಮುಖಮಾಡಿ ಒಬ್ಬಳೇ ಉಂಡು, ಸಂಜೆ ಫೋನಿನಲ್ಲಿ "ಮುಗೀತೇನೇ?" ಎನ್ನುವ ಅಮ್ಮನಿಗೆ "ಇನ್ನೇನು ಮುಗೀತಮ್ಮ" ಎನ್ನುವುದು ಅವಳ ದಿನಚರಿ. ಆ ಒಂದು ಪ್ರಶ್ನೆ ಬಿಟ್ಟರೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಇವತ್ತು ಮೂವರು ಒಟ್ಟಿಗೆ ಕೂತು "ಆಯ್ತು, ಥೀಸಿಸ್ ಸಲ್ಲಿಸು" ಎನ್ನಬೇಕಿತ್ತು. ಇಬ್ಬರು ಸಾಲದು, ಅದು ನಿಯಮ. ಗೈಡ್ ಸಾಹೇಬರು ಇವತ್ತೇ ಸಂಜೆ ಒಂದು ವರ್ಷಕ್ಕೆ ಪರದೇಶಕ್ಕೆ ಹೊರಟಿದ್ದರು. ಇವತ್ತು ತಪ್ಪಿದರೆ ಇನ್ನೊಂದು ವರ್ಷ ಇರುವೆಗಳೇ ಗತಿ.

"ಮೂರು ಗಂಟೆಯೊಳಗೆ ಯಾರನ್ನಾದ್ರೂ ಹಿಡ್ಕೊಂಡು ಬಾ," ಎಂದರು ಗೈಡ್, ಸೂಟ್‌ಕೇಸಿನ ಬೀಗ ಎಳೆದು ನೋಡುತ್ತ. "ಬಂದೋರು ಸುಮ್ನೆ ಕೂತಿದ್ರೆ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಸುಮ್ಮನೆ ಕೂರುವವರನ್ನು ವಿಶ್ವವಿದ್ಯಾಲಯದಲ್ಲಿ ಹುಡುಕುವುದು ಅಷ್ಟು ಸುಲಭವಲ್ಲ. ಆಫೀಸಿನ ಗುಮಾಸ್ತ, ಯಾರಿಗೆ ಯಾರ ಜೊತೆ ಮಾತಿಲ್ಲ ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದವನು, ಮೊದಲು ಕಪ್ಪೆಗಳ ಮೇಲೆ ಸಂಶೋಧನೆ ಮಾಡುವ ಕಪ್ಪೆ ಸಾರ್ ಹೆಸರು ಹೇಳಿದ.

"ನಿಮ್ ಗೈಡ್ ಇರೋ ರೂಮಲ್ಲಾ?" ಎಂದರು ಕಪ್ಪೆ ಸಾರ್. "ನನ್ನ ಮೈಕ್ರೋಸ್ಕೋಪ್ ತಗೊಂಡೋಗಿ ಮಸೂರ ಗೀರಿ ತಂದುಕೊಟ್ಟ ಮನುಷ್ಯ ಆತ. ಅಲ್ಲಿ ನಾನು ಉಸಿರೂ ಬಿಡಲ್ಲ."

ಹಕ್ಕಿ ಮೇಡಂಗೆ ಗೈಡ್ ಜೊತೆ ಜಗಳವಿರಲಿಲ್ಲ. ಆದರೆ ಸಮಿತಿಯ ಎರಡನೆಯ ಸದಸ್ಯೆ ಲೆಕ್ಕದ ಮೇಡಂ ಕಂಡರೆ ಆಗುತ್ತಿರಲಿಲ್ಲ, ಫ್ಯಾನ್ ಹಾಕುವುದೋ ಆರಿಸುವುದೋ ಎಂಬ ಹಳೆಯ ಜಗಳ. ಮೀನು ಸಾರ್‌ಗೆ ಇಬ್ಬರ ಜೊತೆಗೂ ಜಗಳವಿರಲಿಲ್ಲ. ಅಕ್ಕ ಹೋಗಿ ನಿಲ್ಲುವಷ್ಟರಲ್ಲಿ ಸುದ್ದಿಯೇ ಮುಂದಾಗಿ ಅಲ್ಲಿಗೆ ತಲುಪಿತ್ತು.

"ಕಪ್ಪೆಯವರು ಬರಲ್ಲ ಅಂದ್ರು, ಹಕ್ಕಿಯವರು ಬರಲ್ಲ ಅಂದ್ರು, ಆಮೇಲೆ ನನ್ನ ನೆನಪಾಯ್ತಾ?" ಎಂದು ಅವರು ಬಾಗಿಲು ಹಾಕಿಕೊಂಡರು.

ಅಕ್ಕ ತಲೆಮೇಲೆ ಕೈಹೊತ್ತು ಆಫೀಸಿನ ಬೆಂಚಿನಲ್ಲಿ ಕೂತಳು. ಗುಮಾಸ್ತ ದನಿ ತಗ್ಗಿಸಿದ. "ನಿವೃತ್ತರಾದವ್ರೂ ಆಗ್ತಾರೆ ಅಕ್ಕ. ಇನ್ನೊಂದ್ಮಾತು ಮೇಷ್ಟ್ರು ಇದಾರಲ್ಲ."

"ಅಯ್ಯೋ, ಬೇಡಾ!" ಎಂದು ಪಕ್ಕದಲ್ಲಿದ್ದ ಕಿರಿಯ ವಿದ್ಯಾರ್ಥಿನಿ ಹಾರಿಬಿದ್ದಳು. "ಅವ್ರು ಹಿಡಿದ್ರೆ ಉಡದ ಪಟ್ಟು. ಇನ್ನೊಂದು ಅಧ್ಯಾಯ ಬರಿ ಅಂತಾರೆ, ನೀವು ಇಲ್ಲೇ ಮುದುಕಿ ಆಗ್ತೀರ."

ಮೇಷ್ಟ್ರು ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ದಿನವೂ ಲೈಬ್ರರಿಗೆ ಬಂದು ಪೇಪರ್ ಓದುತ್ತಿದ್ದರು. ಎದುರಿಗೆ ಸಿಕ್ಕವರು ಹೊರಟೆನೆಂದರೆ "ಇನ್ನೊಂದು ಮಾತು" ಎಂದು ನಿಲ್ಲಿಸಿಕೊಳ್ಳುತ್ತಿದ್ದರಿಂದ ಆ ಹೆಸರು. ಅವರು ಕಂಡರೆ ಇಡೀ ವಿಭಾಗ ದಾರಿ ಬದಲಿಸುತ್ತಿತ್ತು. ಅಕ್ಕನೂ ಬದಲಿಸುತ್ತಿದ್ದಳು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ.

"ನನ್ನನ್ನಾ?" ಎಂದು ಮೇಷ್ಟ್ರು ಹಿಂದೆ ತಿರುಗಿ ನೋಡಿದರು, ಬೇರೆ ಯಾರಾದರೂ ನಿಂತಿರಬಹುದೆಂದು. ಆಮೇಲೆ ಕನ್ನಡಕ ಒರೆಸಿಕೊಂಡರು. "ಎಲ್ಲಿ, ಥೀಸಿಸ್ ಕೊಡಮ್ಮ." ಊಟಕ್ಕೂ ಏಳದೆ ಮೂರು ಗಂಟೆಯವರೆಗೆ ಓದಿದರು.

ಸಭೆ ಸೇರಿತು. "ಎಲ್ಲ ಸರಿಯಿದೆ," ಎಂದರು ಗೈಡ್. "ಲೆಕ್ಕಾನೂ ಸರಿಯಿದೆ," ಎಂದರು ಲೆಕ್ಕದ ಮೇಡಂ, ಮೊಬೈಲಿನಿಂದ ತಲೆಯೆತ್ತದೆ.

"ಇನ್ನೊಂದು ಮಾತು," ಎಂದರು ಮೇಷ್ಟ್ರು.

ಗೈಡ್ ಮುಖ ಹುಳ್ಳಗಾಯಿತು.

"ಈ ಇರುವೆ ತಿರುಗೋ ಮುಂಚೆ ಸ್ವಲ್ಪ ಹೊತ್ತು ನಿಂತೇಬಿಡುತ್ತೆ ಅಂತ ಬರೆದಿದೀಯ. ಯಾಕಮ್ಮ ನಿಲ್ಲುತ್ತೆ?"

ಅಕ್ಕ ಹೇಳಿದಳು. ಅವರು ಮತ್ತೊಂದು ಕೇಳಿದರು. ಅವಳು ಎದ್ದು ಬೋರ್ಡಿನ ಮೇಲೆ ದಾರಿ ಬರೆದಳು, ಡಸ್ಟರನ್ನು ಗೂಡು ಮಾಡಿ ಮೇಜಿನ ಮೇಲಿಟ್ಟು ಸೀಮೆಸುಣ್ಣದ ಚೂರುಗಳನ್ನು ಸಾಲಾಗಿ ನಡೆಸಿದಳು. ಮೇಷ್ಟ್ರು ಮೇಜಿಗೆ ಬಗ್ಗಿ ಮಗುವಿನಂತೆ ನೋಡಿದರು. ಗೈಡ್ ಗಡಿಯಾರ ನೋಡಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಗೊತ್ತಿರುವುದನ್ನು ಒಬ್ಬರು ಕೇಳುತ್ತಿದ್ದರು, ಉತ್ತರ ಮುಗಿಯುವವರೆಗೆ ಕಾಯುತ್ತಿದ್ದರು. ಅಕ್ಕನಿಗೆ ಆ ಕಟ್ಟಡದಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಮೇಷ್ಟ್ರು ಪೆನ್ನು ತೆಗೆದರು. "ಬಹಳ ಚೆನ್ನಾಗಿದೆ. ಕೆಲಸ ಮುಗಿದಿದೆ. ಈ ಹುಡುಗೀನ ಇನ್ನು ಬಿಟ್ಟುಬಿಡಿ."

ಗೈಡ್ ನಿಟ್ಟುಸಿರು ಬಿಟ್ಟರು. ಲೆಕ್ಕದ ಮೇಡಂ ಕುರ್ಚಿ ಹಿಂದಕ್ಕೆ ಸರಿಸಿದರು. "ದಾರಿ ಸಿಗದೇ ಹೋದ ಇರುವೆ ಏನು ಮಾಡುತ್ತೋ, ಪಾಪ," ಎಂದು ಮೇಷ್ಟ್ರು ತಮಗೆ ತಾವೇ ಅಂದುಕೊಂಡರು. ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿರಲಿಲ್ಲ.

ಇವರೆಲ್ಲ ಎದ್ದುಹೋದರೆ ಇನ್ನು ಯಾರೂ ಏನೂ ಕೇಳುವುದಿಲ್ಲ ಎಂದು ಅಕ್ಕನಿಗೆ ಹೊಳೆಯಿತು. ಅವಳ ಬಾಯಿ ಅವಳನ್ನು ಕೇಳದೆ ತೆರೆದುಕೊಂಡಿತು.

"ಅದೇ ಸಾರ್... ದಾರಿ ಸಿಗದ ಇರುವೆದೇ ಒಂದು ಅಧ್ಯಾಯ ಬಾಕಿ ಇದೆ. ಅದಿಲ್ದೆ ಥೀಸಿಸ್ ಪೂರ್ತಿ ಆಗಲ್ಲ."

ಲೆಕ್ಕದ ಮೇಡಂ ಮೊದಲ ಸಲ ಮೊಬೈಲ್ ಕೆಳಗಿಟ್ಟರು. "ಬರೆದವಳೇ ಬಾಕಿ ಇದೆ ಅಂದ್ಮೇಲೆ ನಾವು ಹೇಗ್ರೀ ಒಪ್ಪೋದು?"

"ತನ್ನ ಕಾಲಿಗೆ ತಾನೇ ಕಲ್ಲು ಎತ್ತಿ ಹಾಕ್ಕೊಳ್ಳೋರಿಗೆ ನಾನೇನು ಮಾಡ್ಲಿ?" ಎಂದರು ಗೈಡ್. "ಸರಿ, ಒಂದು ವರ್ಷ ತಗೋ." ಸೂಟ್‌ಕೇಸಿನ ಗಾಲಿಗಳು ಗಡಗಡ ಎನ್ನುತ್ತ ಲಿಫ್ಟಿನ ಕಡೆ ಹೋದವು.

ಅಕ್ಕ ಓಡಿಹೋಗಿ ಮೇಷ್ಟ್ರನ್ನು ಮೆಟ್ಟಿಲ ಬಳಿ ಹಿಡಿದಳು. "ಸಾರ್, ನಾಳೆಯಿಂದ ಮಧ್ಯಾಹ್ನ ಲೈಬ್ರರಿಗೆ ಬರ್ಲಾ? ಬರೆದಷ್ಟು ತೋರಿಸ್ತೀನಿ. ಊಟಾನೂ ಅಲ್ಲೇ ಒಟ್ಟಿಗೆ ಮಾಡ್ಬಹುದು."

ಮೇಷ್ಟ್ರ ಮುಖ ಅರಳಿತು, ಹಾಗೇ ಬಾಡಿತು.

"ನಾಳೆ ಬೆಳಗ್ಗೆ ನಂಗೆ ರೈಲು ಕಣಮ್ಮ. ಇನ್ಮೇಲೆ ತಂಗಿ ಮನೇಲೇ ಇದ್ದುಬಿಡ್ತೀನಿ. ಇಲ್ಲಿ ಮಾತಾಡ್ಸೋರು ಯಾರೂ ಇಲ್ಲ ಅಂತ ಮನೇನೂ ಖಾಲಿ ಮಾಡ್ಬಿಟ್ಟೆ." ಅವಳ ತಲೆ ಸವರಿದರು. "ಆ ಅಧ್ಯಾಯ ಮಾತ್ರ ಬಿಡ್ಬೇಡ. ಬರೆದು ಯಾರಿಗಾದ್ರೂ ತೋರಿಸು."

"ಯಾರಿಗೆ ಸಾರ್?"

ಮೇಷ್ಟ್ರು ಮೆಟ್ಟಿಲ ಕಂಬಿ ಹಿಡಿದು ವಿಭಾಗದ ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ನೋಡಿದರು.

"ಅದೂ ಹೌದು," ಎಂದರು. ಇನ್ನೊಂದು ಮಾತು ಆಡಲಿಲ್ಲ.