ಮಜ್ಜಿಗೆಗೆ ಬಿದ್ದ ಕಬ್ಬಿಣದ ಗಾಜು

ಮನೆಯಲ್ಲಿ ಒಂದೇ ಒಂದು ಕಬ್ಬಿಣದ ಸಾಮಾನೂ ಉಳಿದಿರಲಿಲ್ಲ. ನಟರಾಜುವಿನ ಫಜೀತಿ ಶುರುವಾದದ್ದೇ ಅಲ್ಲಿಂದ.

ಪಕ್ಕದ ಮನೆಯ ಬೋರಪ್ಪನಿಗೆ ಬೆಳಗ್ಗೆ ಹೊಟ್ಟೆ ಉಬ್ಬರಿಸಿಕೊಂಡಿತ್ತು. ಕಬ್ಬಿಣ ಕಾಯಿಸಿ ಇಂಗು ಹಾಕಿದ ಮಜ್ಜಿಗೆಗೆ ಅದ್ದಿ ಕುಡಿಸಿದರೆ ಸರಿಹೋಗುತ್ತದೆಂದು ಹೊಳೆನರಸೀಪುರದ ಆ ಬೀದಿಗೆಲ್ಲ ನಂಬಿಕೆ. ಆದರೆ ನಟರಾಜುವಿನ ತಾಯಿ ಸುಬ್ಬಮ್ಮನ ಅಡುಗೆಮನೆಯಲ್ಲಿ ಸೌಟಿನಿಂದ ಜರಡಿಯವರೆಗೆ ಎಲ್ಲವೂ ಸ್ಟೀಲು. ಫ್ರಿಜ್ಜಿಗೆ ಅಂಟಿಸಿದ್ದ ಆಯಸ್ಕಾಂತದ ಗಿಣಿಯನ್ನು ಹಿಡಿದು ಆಕೆ ಮನೆಯೆಲ್ಲ ಹುಡುಕಿದಳು. ಮಗನ ಮೇಜಿನ ಮೇಲಿದ್ದ ಊದುಬತ್ತಿ ಗಾತ್ರದ ಕಡ್ಡಿಯೊಂದು ಟಕ್ಕೆಂದು ಗಿಣಿಗೆ ಕಚ್ಚಿಕೊಂಡಿತು.

ನಟರಾಜು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬೋರಪ್ಪ ಮೀಸೆಯ ಮಜ್ಜಿಗೆ ಒರೆಸಿಕೊಳ್ಳುತ್ತಿದ್ದ. ಲೋಟದ ತಳದಲ್ಲಿ ಕಡ್ಡಿ!

“ಅವ್ವಾ! ಅದು ಗಾಜು ಕಣವ್ವಾ!”

ಬೋರಪ್ಪ ಬಿಳಿಚಿಕೊಂಡ. “ಅಯ್ಯಯ್ಯೋ, ನಂಗೆ ಗಾಜು ಕುಡಿಸ್ಬುಟ್ಯಾ ಅಕ್ಕಾ?”

“ಕಬ್ಬಿಣದ್ದೇ ಗಾಜು ಮಾವ.”

ಬೋರಪ್ಪ ಕಡ್ಡಿಯನ್ನು ಕಣ್ಣಿಗೆ ಹಿಡಿದು ನೋಡಿದ. “ಅದೆಂಗ್ಲಾ? ಆಚೆ ಕಡೇದು ಏನೂ ಕಾಣಾಕಿಲ್ವಲ್ಲ!”

ಅಳು ಬರುವಂತಿದ್ದರೂ ನಟರಾಜು ವಿವರಿಸಿದ. ಕಬ್ಬಿಣಕ್ಕೆ ಬೋರಾನು, ಸಿಲಿಕಾನು, ಚೂರು ತಾಮ್ರ, ನಯೋಬಿಯಂ ಎಂಬ ಲೋಹ ಸೇರಿಸಿ ಕರಗಿಸಿ, ತಾಮ್ರದ ಅಚ್ಚಿಗೆ ಹುಯ್ದು ಥಟ್ಟನೆ ತಣಿಸಬೇಕು. ಕರಗಿದ ಪರಮಾಣುಗಳು ಬಸ್ಸಿಗೆ ನುಗ್ಗಿದ ಜನರಂತೆ. ಸೀಟು ಹುಡುಕಿಕೊಳ್ಳುವ ಮೊದಲೇ ತಣ್ಣಗಾಗಿ ನಿಂತಲ್ಲೇ ನಿಂತುಬಿಟ್ಟರೆ ಅದು ಗಾಜು. ಮತ್ತೆ ಕಾಯಿಸಿದರೆ ಎಲ್ಲ ಸಾಲಾಗಿ ಕೂತು ಕೆಟ್ಟುಹೋಗುತ್ತದೆ.

ಕಾಂಪೌಂಡಿನಾಚೆಯಿಂದ ಇಣುಕುತ್ತಿದ್ದ ಎದುರುಮನೆಯ ತಮ್ಮಯ್ಯ ಕೇಳಿದ: “ಕುಂತ್ಕಂಡ್ರೆ ಒಳ್ಳೇದೇ ಅಲ್ವೇನ್ಲಾ? ನಿಂತ್ಕಂಡೇ ಇರ್ಲಿ ಅಂತೀಯಲ್ಲ, ನೀನೇನ್ ಕಂಡಕ್ಟರಾ?”

“ಲ್ಯಾಬಲ್ಲಿ ಅದೇನ್ ಬೇಯಿಸ್ತೀಯಾ” ಎಂದು ತಾಯಿ ದಿನವೂ ಕೇಳುತ್ತಿದ್ದಳೆಂದು ಅವಳಿಗೆ ತೋರಿಸಲು ಕಡ್ಡಿಯನ್ನು ಮನೆಗೆ ತಂದ ತಪ್ಪಿಗೆ ಇದು ಶಿಕ್ಷೆ. ಇಲ್ಲಿಯವರೆಗೆ ಮಾಡಿದ್ದರಲ್ಲಿ ಗಾಜಾಗಿದ್ದದ್ದು ಇದೊಂದೇ ಕಡ್ಡಿ. ಇವತ್ತು ಇದರ ಕಾಂತಗುಣ ಚೆನ್ನಾಗಿ ಬಾರದಿದ್ದರೆ ಪಿಎಚ್‌.ಡಿ.ಗೆ ಬೇರೆ ವಿಷಯ ಹುಡುಕಿಕೊಳ್ಳಿ ಎಂದು ಗೈಡ್ ಗೌರೀಶಂಕರ ಮೇಷ್ಟ್ರು ಹೇಳಿಯಾಗಿತ್ತು.

ಲ್ಯಾಬಿಗೆ ಹೋಗುವ ಹಾಸನದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಕಡ್ಡಿಯನ್ನು ಕರ್ಚೀಫಿನಲ್ಲಿ ಉಜ್ಜುತ್ತಲೇ ಇದ್ದ.

“ಏನ್ರೀ ಇದು, ಇಂಗಿನ ವಾಸನೆ?” ಎನ್ನುತ್ತ ಮೇಷ್ಟ್ರು ಕಡ್ಡಿಯನ್ನು ಯಂತ್ರಕ್ಕೆ ಸಿಕ್ಕಿಸಿದರು. ಒಳ್ಳೆಯ ಕಡ್ಡಿಯಾದರೆ ಕಾಂತವನ್ನು ಬೇಗ ಹಿಡಿದು ಬೇಗ ಬಿಡಬೇಕು; ಅದನ್ನು ತೋರಿಸುವ ಗೆರೆಯ ಸುರುಳಿ ಪರದೆಯ ಮೇಲೆ ತೆಳ್ಳಗಿರಬೇಕು. ನಟರಾಜು ಕಣ್ಣು ಮುಚ್ಚಿಕೊಂಡ.

“ನಟರಾಜು!” ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಸುರುಳಿ ಶ್ಯಾವಿಗೆ ಎಳೆಯಂತಿತ್ತು. “ಬರೀ ಗಾಜಿಗೆ ಇಷ್ಟು ಬರಲ್ಲ ಕಣ್ರೀ! ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಎದ್ದಿರಬೇಕು. ಹದ ನೋಡಿ ಕಾಯಿಸಿದ್ರೆ ಮಾತ್ರ ಹಿಂಗಾಗೋದು. ಚೂರು ಹೆಚ್ಚಾದ್ರೂ ಕೆಟ್ಟಿತು, ಕಮ್ಮಿಯಾದ್ರೂ ಕೆಟ್ಟಿತು. ಎಷ್ಟು ಹೊತ್ತು ಕಾಯಿಸಿದ್ರಿ?”

“ಅದು... ಮನೇಲಿ ಕೇಳಿ ಹೇಳ್ತೀನಿ ಸಾರ್.”

“ನಾಳೆ ನನ್ನೆದುರಿಗೆ ಇನ್ನೊಂದು ಮಾಡಿ. ಎರಡನೇ ಸಲವೂ ಹಿಂಗೇ ಬಂದ್ರೆ ಥೀಸಿಸ್ ಬರೀರಿ. ಬರ್ಲಿಲ್ಲ ಅಂದ್ರೆ ಇದನ್ನ ಯಾರೂ ನಂಬಲ್ಲ, ನಾನೂ ನಂಬಲ್ಲ.”

ನಟರಾಜು ಮನೆಗೆ ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ. “ಅವ್ವಾ, ಕಡ್ಡೀನ ಎಷ್ಟೊತ್ತು ಕಾಯ್ಸ್ದೆ?”

“ಗಡಿಯಾರ ಯಾರ್ಲಾ ನೋಡ್ತಾರೆ? ಕೆಂಪಗಾಗೋಗಂಟ ಕಾಯ್ಸಾನ ಅಂತಿದ್ದೆ. ಅಷ್ಟ್ರಲ್ಲೇ ಬೋರಪ್ಪ ಮನೆ ಅದುರೋ ಅಂಗೆ ತೇಗ್ಬುಟ್ಟ. ಸಾಕು ಅಂತ ಇಳಿಸ್ಬುಟ್ಟೆ.”

ನಟರಾಜು ಪಕ್ಕದ ಮನೆಗೆ ಓಡಿದ. “ಮಾವ, ಕೈ ಮುಗೀತೀನಿ. ಬೆಳಗ್ಗೆ ಬಂದ ಒಟ್ಟೆ ಉಬ್ಬರ, ಆ ತೇಗು, ನಾಳೇನೂ ಬತ್ತದಾ?”

ಬೋರಪ್ಪ ಹಿಗ್ಗಿನಿಂದ ಹೊಟ್ಟೆ ಸವರಿಕೊಂಡ.

“ಆ ಚಿಂತೇನೇ ಬ್ಯಾಡ ಕಣ್ಲಾ ಮಗ! ಅದೇನ್ ಗಾಜು ಮಾಡಿದ್ಯೋ, ಬುಡಸಮೇತ ವಾಸಿ ಆಗೋಯ್ತು. ಮಜ್ಜಿಗೆ ಕುಡ್ದಾಗಿಂದ ಒಂದ್ ತೇಗೂ ಇಲ್ಲ!”